ಕತರೀನಾ ದೆ ಸಾನ್ ಹುವಾನ್

ಕತರೀನಾ ದೆ ಸಾನ್ ಹುವಾನ್ (ನಿಧನ: 5 ಜನವರಿ 1688): ಮೆಕ್ಸಿಕೋದ ಪ್ವೆಬ್ಲಾ ನಗರದಲ್ಲಿ ಜನ ಸಂತಳೆಂದೇ ಪೂಜಿಸಿದ ಭಾರತೀಯ ಕ್ಯಾಥೊಲಿಕ್ ಮಹಿಳೆ. ಹುಟ್ಟುಹೆಸರು ಮಿರ್ರಾ. ಹುಟ್ಟಿದ್ದು ಮೊಘಲ್ ರಾಜ್ಯದಲ್ಲಿ. ಕುಲೀನ ಮನೆತನದವಳೆಂದು ಆಕೆಯ ಚರಿತ್ರೆಕಾರರು ಬರೆದಿದ್ದಾರೆ. ಎಳೆಯ ವಯಸ್ಸಿನಲ್ಲೇ ಪೋರ್ಚುಗೀಸ್ ಕಡಲ್ಗಳ್ಳರು ಹಿಡಿದೊಯ್ದರು. ಕೊಚ್ಚಿಯಲ್ಲಿ ಜೆಸ್ವಿಟರಿಂದ ದೀಕ್ಷಾಸ್ನಾನ, ಮನಿಲಾದ ಗುಲಾಮರ ಸಂತೆ, ಅಲ್ಲಿಂದ ಪೆಸಿಫಿಕ್ ದಾಟಿ ಅಕಾಪುಲ್ಕೊ.

ಪ್ವೆಬ್ಲಾದ ಮಿಗೆಲ್ ದೆ ಸೋಸಾ ದಂಪತಿ ಆಕೆಯನ್ನು ಕೊಂಡರು. ಸೋಸಾ ತೀರಿಕೊಂಡ ಮೇಲೆ ಬಿಡುಗಡೆ ಸಿಕ್ಕಿತು. ಏಷ್ಯಾ ಮೂಲದ ಗುಲಾಮ ದೊಮಿಂಗೊ ಸುವಾರೆಸನೊಂದಿಗೆ ಮದುವೆಯಾದರೂ ಬ್ರಹ್ಮಚರ್ಯ ಬಿಡಲಿಲ್ಲ. ಮುಂದಿನ ಬದುಕೆಲ್ಲ ಬಡತನ, ಉಪವಾಸ, ಪ್ರಾರ್ಥನೆ. ತನಗಾಗುವ ದೈವದರ್ಶನಗಳನ್ನು ಜೆಸ್ವಿಟ್ ಗುರುಗಳಿಗೆ ಹೇಳುತ್ತಿದ್ದಳು. ಮನೆ, ಹೆಸರು, ನುಡಿ ಎಲ್ಲವನ್ನೂ ಕಸಿದುಕೊಂಡವರ ಊರಿನಲ್ಲೇ ಆಕೆ ಗೌರವ ಗಳಿಸಿದ್ದು ಅಸಾಮಾನ್ಯ ಸಂಗತಿ.

ಆಕೆಯ ಗುರು ಅಲೋನ್ಸೊ ರಾಮೋಸ್ 1689ರಿಂದ 1692ರವರೆಗೆ ಮೂರು ಸಂಪುಟಗಳ ಜೀವನಚರಿತ್ರೆ ಪ್ರಕಟಿಸಿದ. ಆದರೆ ಧರ್ಮವಿಚಾರಣಾ ಮಂಡಳಿ 1691ರಲ್ಲಿ ಆಕೆಯ ಚಿತ್ರಗಳನ್ನೂ 1696ರಲ್ಲಿ ಆ ಪುಸ್ತಕವನ್ನೂ ನಿಷೇಧಿಸಿತು. ಸಂತಪದವಿ ದೊರೆಯಲೇ ಇಲ್ಲ.

ಮೆಕ್ಸಿಕೋದ ‘ಚೀನಾ ಪೋಬ್ಲಾನಾ’ ಎಂಬ ಬಣ್ಣದ ಉಡುಪಿಗೆ ಈಕೆಯೇ ಮೂಲವೆಂಬುದು 19ನೆಯ ಶತಮಾನದ ಕೊನೆಯಿಂದ ಬೆಳೆದ ಕಥೆ. ಆಕೆ ಉಟ್ಟದ್ದು ಒರಟು ಬಟ್ಟೆ. ‘ಚೀನಾ’ ಎಂದರೆ ಅಲ್ಲಿ ಏಷ್ಯಾದವಳು ಎಂದಷ್ಟೇ ಅರ್ಥ. ಆಕೆಯ ಸಮಾಧಿ ಪ್ವೆಬ್ಲಾದ ಜೆಸ್ವಿಟ್ ಇಗರ್ಜಿಯಲ್ಲಿದೆ.