ಕಾವೇರಿಯ ಆಚೆ ದಡದ ಟಿಬೆಟ್

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೀರ್ಘ ಪತ್ರ ಬರೆದಿದ್ದ. ಅಲ್ಲಿನ ಆಮಿಶ್ ಜನರ ಹಳ್ಳಿಗಳನ್ನು ಕಂಡು ಬಂದ ವಿಸ್ಮಯ ಅದರಲ್ಲಿ ತುಂಬಿತ್ತು. ಕುದುರೆ ಗಾಡಿಯಲ್ಲಿ ಓಡಾಡುವ, ಮನೆಗೆ ವಿದ್ಯುತ್ ತಂತಿ ಎಳೆಸಿಕೊಳ್ಳದ, ಬೇಸಾಯ ಮತ್ತು ಪ್ರಾರ್ಥನೆಗಳ ನಡುವೆಯೇ ದಿನ ಕಳೆಯುವ ಜನ. ಅವರ ಪೂರ್ವಿಕರು ಧರ್ಮದ ಕಾರಣಕ್ಕಾಗಿ ಯುರೋಪಿನಲ್ಲಿ ಕಿರುಕುಳ ಅನುಭವಿಸಿ, ಹದಿನೆಂಟನೆಯ ಶತಮಾನದಲ್ಲಿ ಹಡಗು ಹತ್ತಿ ಬಂದವರು. "ಸಾರ್, ಪರದೇಶಕ್ಕೆ ಬಂದು ತಮ್ಮ ಧರ್ಮವನ್ನೇ ದಿನಚರಿಯಾಗಿಸಿಕೊಂಡು ಬದುಕುವ ಇಂಥ ಹಳ್ಳಿಗಳು ನಮ್ಮ ಕಡೆ ಇವೆಯೇ?" ಎಂದು ಕೇಳಿದ್ದ.

ಇವೆ. ಪಾಲಿಬೆಟ್ಟದಿಂದ ಸಿದ್ದಾಪುರದ ಮಾರ್ಗವಾಗಿ ಕುಶಾಲನಗರಕ್ಕೆ ಹೋಗಿ ಕಾವೇರಿಯ ಸೇತುವೆ ದಾಟಿದರೆ ಕೊಡಗು ಮುಗಿದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲೂಕು ಆರಂಭವಾಗುತ್ತದೆ. ಅಲ್ಲಿಂದ ಕೆಲವೇ ನಿಮಿಷಗಳ ದಾರಿ ಬೈಲಕುಪ್ಪೆ. ಸುವರ್ಣ ಮಂದಿರವನ್ನು ನೋಡಲೆಂದು ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗಿಯೇ ಇದ್ದೇವೆ. ಆದರೆ ಮಂದಿರದ ಹಿಂದಿರುವ ಜೋಳದ ಹೊಲಗಳನ್ನು, ಆ ಹೊಲಗಳ ಹಿಂದಿರುವ ಚರಿತ್ರೆಯನ್ನು ಗಮನಿಸಿದವರು ಕಡಿಮೆ.

ಹೊರಗಿನಿಂದ ಬಂದವರು ಕಾಡು ಕಡಿದು ಊರು ಕಟ್ಟುವುದು ನಮ್ಮ ಸೀಮೆಗೆ ಹೊಸದಲ್ಲ. ಪಾಲಿಬೆಟ್ಟದ ಸುತ್ತಲಿನ ಕಾಫಿ ತೋಟಗಳನ್ನು ಎಬ್ಬಿಸಿದವರಲ್ಲಿ ಬ್ರಿಟಿಷ್ ತೋಟಗಾರರೇ ಮುಂದಾಳುಗಳು. 1834ರಲ್ಲಿ ಕೊಡಗು ಕಂಪೆನಿಯ ಕೈ ಸೇರಿದ ನಂತರ ಅವರಿಗೆ ಭೂಮಿಯೂ ಕಾನೂನೂ ಅನುಕೂಲವಾಗಿ ಒದಗಿದವು. ದುಡಿಯುವ ಕೈಗಳು ಬೇರೆಯವರದಾಗಿದ್ದವು. ನಮಗೆ ಸಮೀಪದ ಆನಂದಪುರದಲ್ಲಿ 1850ರ ದಶಕದಲ್ಲಿ ಇನ್ನೊಂದು ಬಗೆಯ ಊರು ಹುಟ್ಟಿತು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು, ಗದ್ದೆಗಳಲ್ಲಿ ಜೀತದಾಳುಗಳಾಗಿದ್ದು ಕ್ರೈಸ್ತರಾದ ಕುಟುಂಬಗಳಿಗಾಗಿ ಕಟ್ಟಿದ ನೆಲೆ ಅದು. ತೋಟಗಾರರು ಲಾಭಕ್ಕಾಗಿ ಬಂದರು, ಪಾದ್ರಿಗಳು ಧರ್ಮಪ್ರಸಾರಕ್ಕಾಗಿ ಬಂದರು. ಟಿಬೆಟಿನವರು ಬಂದದ್ದು ಬೇರೆ ದಾರಿ ಇಲ್ಲದೆ.

1950ರಲ್ಲಿ ಚೀನಾದ ಸೇನೆ ಟಿಬೆಟನ್ನು ಪ್ರವೇಶಿಸಿತು. ಮರುವರ್ಷ ಹದಿನೇಳು ಅಂಶಗಳ ಒಪ್ಪಂದಕ್ಕೆ ಸಹಿ ಬಿತ್ತು. 1959ರ ಮಾರ್ಚ್ 10ರಂದು ಲಾಸಾ ನಗರದಲ್ಲಿ ಜನ ದಂಗೆಯೆದ್ದರು. ಒಂದು ವಾರದ ಬಳಿಕ ದಲಾಯಿ ಲಾಮಾ ವೇಷ ಮರೆಸಿಕೊಂಡು ಹೊರಟು, ಮಾರ್ಚ್ 31ರಂದು ತವಾಂಗ್ ಕಡೆಯಿಂದ ಭಾರತದ ಗಡಿಯೊಳಗೆ ಕಾಲಿಟ್ಟರು. ಅವರ ಹಿಂದೆ ಸುಮಾರು ಎಂಬತ್ತು ಸಾವಿರ ಜನ ಹಿಮಾಲಯವನ್ನು ದಾಟಿ ಬಂದರು. ಅಸ್ಸಾಮಿನ ಮಿಸ್ಸಾಮಾರಿಯ ಶಿಬಿರದ ಸೆಕೆಯಲ್ಲಿ, ಬಂಗಾಳದ ಬಕ್ಸಾ ಕೋಟೆಯ ಇಕ್ಕಟ್ಟಿನಲ್ಲಿ ಅನೇಕರು ಕ್ಷಯ ಮೊದಲಾದ ರೋಗಗಳಿಗೆ ತುತ್ತಾದರು. ಉಳಿದವರಲ್ಲಿ ಬಹುಮಂದಿ ಬೆಟ್ಟದ ರಸ್ತೆಗಳಲ್ಲಿ ಕಲ್ಲು ಒಡೆಯುವ ಕೂಲಿಗಳಾದರು. ಚದುರಿದ ಜನರನ್ನು ಒಂದೆಡೆ ನೆಲೆಗೊಳಿಸದಿದ್ದರೆ ಅವರ ಭಾಷೆಯೂ ಧರ್ಮವೂ ಒಂದೇ ತಲೆಮಾರಿನಲ್ಲಿ ಅಳಿಯುತ್ತವೆ ಎಂಬ ಆತಂಕ ಎದುರಾಯಿತು. ಪ್ರಧಾನಿ ನೆಹರೂ ಅವರು ರಾಜ್ಯಗಳನ್ನು ಭೂಮಿಗಾಗಿ ಕೇಳಿದಾಗ, ಅಂದಿನ ಮೈಸೂರು ರಾಜ್ಯ ಉದಾರವಾಗಿ ಮುಂದೆ ಬಂದು ಬೈಲಕುಪ್ಪೆಯ ಬಳಿ ಮೂರು ಸಾವಿರ ಎಕರೆಯಷ್ಟು ಕಾಡುಭೂಮಿಯನ್ನು ನೀಡಿತು. 1960ರ ಡಿಸೆಂಬರಿನಲ್ಲಿ ಮೊದಲ ತಂಡ ಬಂದಿಳಿಯಿತು. ಕನ್ನಡಿಗರು ಹೆಮ್ಮೆಪಡಬಹುದಾದ ಸಂಗತಿ ಇದು. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಎಂಬುದು ನನ್ನ ಬಹುದಿನದ ಕೊರಗು.

ಬಂದವರ ಪಾಲಿಗೆ ಅದು ಎಂಥ ಭೂಮಿ ಎಂಬುದನ್ನು ಊಹಿಸಿಕೊಳ್ಳಬೇಕು. ಲಾಸಾ ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರಿಗಿಂತಲೂ ಎತ್ತರದಲ್ಲಿದೆ. ಬೈಲಕುಪ್ಪೆ ಒಂದು ಸಾವಿರ ಮೀಟರೂ ಇಲ್ಲ. ಒಣ ಹಿಮಗಾಳಿಗೆ ಒಗ್ಗಿದ ದೇಹಗಳು ಇಲ್ಲಿನ ಬಿಸಿಲಿಗೆ, ಮಳೆಗೆ, ಜ್ವರಗಳಿಗೆ ಸಿಕ್ಕಿದವು. ಗುಡಾರಗಳಲ್ಲಿ, ಬಿದಿರಿನ ಗುಡಿಸಲುಗಳಲ್ಲಿ ವಾಸ. ಹಗಲಿಡೀ ಮರ ಕಡಿದು ಬೇರು ಕೀಳುವುದು, ರಾತ್ರಿ ಆನೆಗಳ ಭಯ. ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಕಾಡಿಗೆ ಬೆಂಕಿಯಿಟ್ಟರೆ ಲೆಕ್ಕವಿಲ್ಲದಷ್ಟು ಹುಳುಹುಪ್ಪಟೆ, ಹಕ್ಕಿಪಕ್ಷಿ ಸಾಯುತ್ತವೆ. ನೇಗಿಲು ಹೂಡಿದರೆ ಮಣ್ಣಿನ ಹುಳು ಸಾಯುತ್ತದೆ. ಸಕಲ ಜೀವಿಗಳೂ ಎಂದೋ ಒಂದು ಜನ್ಮದಲ್ಲಿ ತನಗೆ ತಾಯಿಯಾಗಿದ್ದವು ಎಂದು ನಂಬುವ ಬೌದ್ಧನಿಗೆ ಇದು ಸಣ್ಣ ಮಾತಲ್ಲ. ಬದುಕಬೇಕಾದರೆ ಉಳಬೇಕು, ಉತ್ತರೆ ಪಾಪ. ಪ್ರಾರ್ಥನೆಯೊಂದಿಗೆ ಉಳುವುದು ಅವರು ಕಂಡುಕೊಂಡ ಪರಿಹಾರ. ಈ ಸಂಕಟವನ್ನು ತರಗತಿಯಲ್ಲಿ ವಿವರಿಸಿದಾಗ, ಸದಾ ಗಲಾಟೆ ಮಾಡುತ್ತಿದ್ದ ಹುಡುಗರೂ ಮೌನವಾಗಿ ಕೇಳಿದ್ದು ನೆನಪಿದೆ.

ಮೊದಲ ವಸಾಹತಿಗೆ ಲುಗ್ಸುಂಗ್ ಸಂಡುಪ್ಲಿಂಗ್ ಎಂದು ಹೆಸರು. 1969ರಲ್ಲಿ ಪಕ್ಕದಲ್ಲಿಯೇ ಡಿಕಿ ಲಾರ್ಸೊ ಎಂಬ ಎರಡನೆಯ ವಸಾಹತು ಬಂತು. ಮುಂಡಗೋಡು, ಹುಣಸೂರಿನ ಬಳಿಯ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ ಸೇರಿ ಕರ್ನಾಟಕದಲ್ಲಿ ಒಟ್ಟು ಐದು ವಸಾಹತುಗಳು. ಇಂದು ಗ್ರಾಮಾಭಿವೃದ್ಧಿಗೆ ಹೆಸರಾದ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಈ ನಿರಾಶ್ರಿತರ ಪುನರ್ವಸತಿಗಾಗಿ. ಹಳ್ಳಿಗಳಿಗೆ ಟಿಬೆಟನ್ ಹೆಸರುಗಳಿದ್ದರೂ ನಮ್ಮವರ ಬಾಯಲ್ಲಿ ಅವು ಇಂದಿಗೂ 'ಒಂದನೇ ಕ್ಯಾಂಪು', 'ನಾಲ್ಕನೇ ಕ್ಯಾಂಪು'. ಅರುವತ್ತು ವರ್ಷಗಳ ಮೇಲಾದರೂ ಕ್ಯಾಂಪು ಎಂಬ ಶಬ್ದ ಹೋಗಿಲ್ಲ. ಒಂದು ರೀತಿಯಲ್ಲಿ ಅದು ಸರಿಯೂ ಹೌದು, ಏಕೆಂದರೆ ಮೊದಲು ಬಂದವರು ಇದನ್ನು ಕೆಲವು ವರ್ಷಗಳ ತಂಗುದಾಣವೆಂದೇ ಭಾವಿಸಿದ್ದರು.

ಅಲ್ಲಿನ ಮನೆಗಳಲ್ಲಿ ದಿನ ಆರಂಭವಾಗುವುದು ನೀರಿನಿಂದ. ದೇವರ ಪೀಠದ ಮುಂದೆ ಏಳು ಸಣ್ಣ ಬಟ್ಟಲುಗಳನ್ನು ಸಾಲಾಗಿ ಇಟ್ಟು ಶುದ್ಧ ನೀರು ತುಂಬುತ್ತಾರೆ. ಸಂಜೆ ಅವುಗಳನ್ನು ಬರಿದು ಮಾಡಿ, ಒರೆಸಿ, ಕವುಚಿ ಇಡುತ್ತಾರೆ. ಚಿನ್ನ, ತುಪ್ಪ, ಹಣ್ಣುಗಳ ನೈವೇದ್ಯವನ್ನು ಬಡವ ಕೊಡಲಾರ. ನೀರನ್ನು ಯಾರೂ ಕೊಡಬಹುದು, ಅದನ್ನು ಕೊಟ್ಟು ಹೆಮ್ಮೆಪಡುವವರೂ ಇಲ್ಲ ಎಂಬುದು ಇದರ ಹಿಂದಿನ ವಿವೇಕ. ಬೆಣ್ಣೆಯ ದೀಪ, ಧೂಪದ ಹೊಗೆ, ಬಳಿಕ ಉಪ್ಪು ಬೆಣ್ಣೆ ಹಾಕಿ ಕಡೆದ ಚಹಾ. ಯಾಕ್ ಪ್ರಾಣಿಯ ಹಾಲು ಇಲ್ಲಿಲ್ಲ. ಇಲ್ಲಿನ ಹಸು ಎಮ್ಮೆಗಳ ಬೆಣ್ಣೆಯೇ ಸಾಕು. ಹಿರಿಯರು 108 ಮಣಿಗಳ ಜಪಮಾಲೆ ಹಿಡಿದು, ಪ್ರಾರ್ಥನಾ ಚಕ್ರ ತಿರುಗಿಸುತ್ತ, ಮಂದಿರಕ್ಕೆ ಪ್ರದಕ್ಷಿಣೆ ಬರುತ್ತಾರೆ.

ಮುಂಗಾರಿನೊಂದಿಗೆ ಹೊಲದ ಕೆಲಸ. ಮಳೆಯನ್ನೇ ನಂಬಿದ ಮುಸುಕಿನ ಜೋಳವೇ ಮುಖ್ಯ ಬೆಳೆ. ಟ್ರ್ಯಾಕ್ಟರು, ಗೊಬ್ಬರ, ಮಾರಾಟ ಎಲ್ಲಕ್ಕೂ ಸಹಕಾರ ಸಂಘದ ಆಸರೆ. ಸುತ್ತಲಿನ ಹಳ್ಳಿಗಳ ನಮ್ಮ ಜನ ಅಲ್ಲಿ ಕೂಲಿಗೆ ಹೋಗುತ್ತಾರೆ. ಕುಶಾಲನಗರದ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಕನ್ನಡವನ್ನು ಅವರ ಹಿರಿಯರು ಎಂದೋ ಕಲಿತಿದ್ದಾರೆ. ಫಸಲು ಮನೆಗೆ ಬಂದ ಮೇಲೆ ಅನೇಕ ಕುಟುಂಬಗಳು ಸ್ವೆಟರ್ ಮಾರಲು ಊರೂರಿಗೆ ಹೊರಡುತ್ತವೆ. ಚಳಿಗಾಲದಲ್ಲಿ ನಮ್ಮ ಪಟ್ಟಣಗಳ ಫುಟ್‌ಪಾತಿನಲ್ಲಿ ಅವರಿಂದ ಸ್ವೆಟರ್ ಕೊಳ್ಳದ ಮನೆ ಯಾವುದಿದೆ? ಫೆಬ್ರವರಿ ಅಥವಾ ಮಾರ್ಚಿನಲ್ಲಿ ಬರುವ ಲೋಸಾರ್ ಹೊಸವರ್ಷದ ಹೊತ್ತಿಗೆ ಎಲ್ಲರೂ ಹಿಂದಿರುಗಬೇಕು. ಎಣ್ಣೆಯಲ್ಲಿ ಕರಿದ ಖಪ್ಸೆ, ಹೊಸ ಪ್ರಾರ್ಥನಾ ಪತಾಕೆ, ಹಿರಿಯರ ಕಾಲಿಗೆ ನಮಸ್ಕಾರ: ನಮ್ಮ ಪುತ್ತರಿಗೆ ಮನೆ ಸೇರುವಂತೆಯೇ.

ಇನ್ನು ಮಠಗಳು. 1419ರಲ್ಲಿ ಲಾಸಾದ ಬಳಿ ಸ್ಥಾಪಿತವಾದ ಸೆರಾ ಮಹಾವಿಹಾರದ ಸುಮಾರು ಮುನ್ನೂರು ಭಿಕ್ಷುಗಳು ಬಕ್ಸಾದಿಂದ 1970ರ ಸುಮಾರಿಗೆ ಇಲ್ಲಿಗೆ ಬಂದು, ತಾವೇ ಉತ್ತು ಬಿತ್ತು ಮಠವನ್ನು ಮರಳಿ ಕಟ್ಟಿದರು. ಇಂದು ಅಲ್ಲಿ ಸಾವಿರಾರು ಭಿಕ್ಷುಗಳಿದ್ದಾರೆ. ಪ್ರವಾಸಿಗರು ಸುವರ್ಣ ಮಂದಿರವೆಂದು ಕರೆಯುವ ನಾಮ್ಡ್ರೋಲಿಂಗ್ ಮಠವನ್ನು 1963ರಲ್ಲಿ ಪೆನೋರ್ ರಿನ್‌ಪೋಚೆ ಆರಂಭಿಸಿದಾಗ ಅದು ಬಿದಿರಿನ ಒಂದು ಪುಟ್ಟ ಗುಡಿ. ಇಂದಿನ ಭವ್ಯ ವಿಹಾರ ಪೂರ್ಣಗೊಂಡದ್ದು 1999ರಲ್ಲಿ.

ಶಿಕ್ಷಕನಾದ ನನ್ನನ್ನು ಹೆಚ್ಚು ಸೆಳೆದದ್ದು ಸೆರಾದ ವಾದದ ಅಂಗಳ. ಒಬ್ಬ ಭಿಕ್ಷು ಕುಳಿತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಹಾಕುತ್ತಾನೆ. ಪ್ರಶ್ನೆ ಮುಗಿದ ಕೂಡಲೇ ಕಾಲು ನೆಲಕ್ಕೆ ಬಡಿದು, ಅಂಗೈಗೆ ಅಂಗೈ ಹೊಡೆದು ಸದ್ದು ಮಾಡುತ್ತಾನೆ. ಕುಳಿತವನು ತಡಮಾಡದೆ ಉತ್ತರಿಸಬೇಕು. ಬೆಳಗಿನ ಜಾವ ಎದ್ದು ಬಾಯಿಪಾಠ ಮಾಡಿದ್ದನ್ನು ಸಂಜೆ ಈ ಅಂಗಳದಲ್ಲಿ ಸಮರ್ಥಿಸಿಕೊಳ್ಳಬೇಕು. ಬಾಯಿಪಾಠವೂ ಬೇಕು, ಪ್ರಶ್ನಿಸುವ ಧೈರ್ಯವೂ ಬೇಕು ಎಂಬ ಎರಡನ್ನೂ ಒಟ್ಟಿಗೆ ಇಟ್ಟುಕೊಂಡ ಪದ್ಧತಿ ಇದು. ನಳಂದದ ಪಾಠಕ್ರಮದ ಪರಂಪರೆ ತಮ್ಮದೆಂದು ಅವರು ಹೇಳಿಕೊಳ್ಳುತ್ತಾರೆ. ಗೆಶೆ ಎಂಬ ಪದವಿಗೆ ಇಪ್ಪತ್ತು ವರ್ಷಗಳ ವ್ಯಾಸಂಗ ಬೇಕಾಗುತ್ತದೆ. 2016ರಲ್ಲಿ ಮುಂಡಗೋಡಿನಲ್ಲಿ ಇಪ್ಪತ್ತು ಭಿಕ್ಷುಣಿಯರು ಮೊದಲ ಬಾರಿಗೆ ಇದಕ್ಕೆ ಸಮಾನವಾದ ಗೆಶೆಮಾ ಪದವಿ ಪಡೆದರು. ಹೀಗೆ ಹಳೆಯದನ್ನು ಕಾಯುವ ಸಮುದಾಯವೇ ಹೊಸದಕ್ಕೂ ಬಾಗಿಲು ತೆರೆದಿದೆ. ಆಮಿಶರಂತೆ ಇವರು ಯಂತ್ರಗಳನ್ನು ದೂರವಿಟ್ಟವರಲ್ಲ. ಭಿಕ್ಷುವಿನ ಕೈಯಲ್ಲಿ ಮೊಬೈಲು ಇದೆ, ಅಂಗಳದಲ್ಲಿ ಕಾರು ಇದೆ. ಇವರ ಕಟ್ಟುನಿಟ್ಟು ಇರುವುದು ಭಾಷೆಯಲ್ಲಿ ಮತ್ತು ನಿತ್ಯಕರ್ಮದಲ್ಲಿ.

ಭಾಷೆಯ ಮಾತು ಬಂದಾಗ ಒಂದು ವಿಷಯ ಹೇಳಲೇಬೇಕು. ಟಿಬೆಟನ್ ಮಕ್ಕಳಿಗಾಗಿ ಕೇಂದ್ರ ಸರ್ಕಾರ 1961ರಲ್ಲಿ ಪ್ರತ್ಯೇಕ ಶಾಲಾ ಆಡಳಿತವನ್ನು ಸ್ಥಾಪಿಸಿತು. ಆರಂಭದಲ್ಲಿ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಪ್ರಾಥಮಿಕ ಪಾಠಗಳನ್ನು 1980ರ ದಶಕದಿಂದ ಅವರು ಹಂತಹಂತವಾಗಿ ಟಿಬೆಟನ್ ಮಾಧ್ಯಮಕ್ಕೆ ತಂದುಕೊಂಡರು, ಗಣಿತ ವಿಜ್ಞಾನಗಳಿಗೆ ಪುಸ್ತಕಗಳನ್ನೂ ಬರೆಸಿದರು. ದೇಶ ಕಳೆದುಕೊಂಡವರು ಮಾಡಿದ ಕೆಲಸ ಇದು. ಸ್ವಂತ ನೆಲದಲ್ಲಿಯೇ ಇರುವ ನಮ್ಮ ಕೊಡವ ತಕ್ಕ್ ಅಳಿವಿನ ಅಂಚಿನ ಭಾಷೆಗಳ ಯುನೆಸ್ಕೊ ಪಟ್ಟಿಯಲ್ಲಿದೆ. ಕನ್ನಡ ಮಾಧ್ಯಮದ ಶಾಲೆಗಳ ಸ್ಥಿತಿಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೆ ಇಷ್ಟು ಶ್ರದ್ಧೆಯಿಂದ ಕಟ್ಟಿದ್ದು ಈಗ ಒಳಗಿನಿಂದ ಬರಿದಾಗುತ್ತಿದೆ. 2009ರ ಟಿಬೆಟನ್ ಜನಗಣತಿಯಲ್ಲಿ ಭಾರತದಲ್ಲಿದ್ದವರು ಸುಮಾರು ತೊಂಬತ್ನಾಲ್ಕು ಸಾವಿರ. ಅಲ್ಲಿಂದೀಚೆಗೆ ಸಂಖ್ಯೆ ಇಳಿಯುತ್ತಲೇ ಬಂದಿದೆ. ಮಕ್ಕಳು ಓದಿ ಬೆಂಗಳೂರಿಗೆ, ಅಲ್ಲಿಂದ ನ್ಯೂಯಾರ್ಕಿಗೆ, ಟೊರಾಂಟೊಗೆ, ಯುರೋಪಿಗೆ ಹೋಗುತ್ತಾರೆ. 2008ರ ನಂತರ ಗಡಿಯ ಕಾವಲು ಬಿಗಿಯಾಗಿ ಟಿಬೆಟಿನಿಂದ ಹೊಸಬರು ಬರುವುದು ಬಹುತೇಕ ನಿಂತಿದೆ. ಮಠಗಳಿಗೆ ಸೇರುವ ಹುಡುಗರಲ್ಲಿ ಈಗ ಲಡಾಖ್, ಸ್ಪಿತಿ, ಅರುಣಾಚಲ, ನೇಪಾಳ, ಭೂತಾನಗಳವರು ಹೆಚ್ಚುತ್ತಿದ್ದಾರೆ. ಮಠ ತುಂಬಿರುತ್ತದೆ, ಅದರ ಪಕ್ಕದ ಹಳ್ಳಿಯ ಮನೆಗಳಿಗೆ ಬೀಗ ಬೀಳುತ್ತಿದೆ.

ಹೋಗುವವರನ್ನು ದೂರುವುದು ಸುಲಭ. ಅವರ ಕೈಯಲ್ಲಿ ಇರುವುದು ಆಗಾಗ ನವೀಕರಿಸಬೇಕಾದ ನೋಂದಣಿ ಪತ್ರ. ಉತ್ತ ಭೂಮಿ ಸರ್ಕಾರದ್ದು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಕಾನೂನಿನಂತೆ ಹುಟ್ಟಿನಿಂದಲೇ ನಾಗರಿಕರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ತೀರ್ಪಿತ್ತವು. ಆದರೂ ಅನೇಕರು ಅರ್ಜಿ ಹಾಕಲಿಲ್ಲ. ಪೌರತ್ವ ಪಡೆದರೆ ಹಿಂದಿರುಗುವ ಆಸೆಯನ್ನು ಬಿಟ್ಟುಕೊಟ್ಟಂತೆ ಎಂಬ ಅಳುಕು ಒಂದು ಕಡೆ, ವಸಾಹತಿನ ಸೌಲಭ್ಯಗಳು ಕೈತಪ್ಪಬಹುದೆಂಬ ಭಯ ಇನ್ನೊಂದು ಕಡೆ. ನಿರಾಶ್ರಿತರಾಗಿ ಉಳಿಯುವುದೇ ಒಂದು ನಿಷ್ಠೆಯಾದಾಗ, ಮಕ್ಕಳ ಭವಿಷ್ಯವನ್ನು ಯಾವುದರ ಮೇಲೆ ನಿಲ್ಲಿಸುವುದು? ಒಂದೇ ಮನೆಯೊಳಗೆ ಅಜ್ಜನಿಗೂ ಮೊಮ್ಮಗನಿಗೂ ಇದಕ್ಕೆ ಉತ್ತರ ಬೇರೆ ಬೇರೆ, ಮತ್ತು ಇಬ್ಬರೂ ಸರಿಯೇ.

2025ರ ಆರಂಭದಲ್ಲಿ ದಲಾಯಿ ಲಾಮಾ ಕೆಲವು ವಾರ ಬೈಲಕುಪ್ಪೆಯಲ್ಲಿ ತಂಗಿದ್ದರು. ಅದೇ ವರ್ಷದ ಜುಲೈಯಲ್ಲಿ ಅವರಿಗೆ ತೊಂಬತ್ತು ತುಂಬಿತು. ಅವರ ನಂತರ ಏನು ಎಂಬ ಪ್ರಶ್ನೆಯನ್ನು ಜಗತ್ತಿನ ಪತ್ರಿಕೆಗಳು ರಾಜಕೀಯದ ಪ್ರಶ್ನೆಯಾಗಿ ಚರ್ಚಿಸುತ್ತವೆ. ಕ್ಯಾಂಪಿನ ಮನೆಗಳಲ್ಲಿ ಅದು ಇನ್ನೂ ಸಣ್ಣ, ಇನ್ನೂ ಕಠಿಣವಾದ ಪ್ರಶ್ನೆ: ನಾಳೆ ಬೆಳಿಗ್ಗೆ ಏಳು ಬಟ್ಟಲಿಗೆ ನೀರು ತುಂಬುವವರು ಯಾರು?

ಈ ಪ್ರಶ್ನೆ ಕಾವೇರಿಯ ಆಚೆ ದಡಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ಐನ್‌ಮನೆಗಳನ್ನು ನೋಡಿ. ಜಮ್ಮಾ ಭೂಮಿ ನಮ್ಮದು, ನಾಗರಿಕತ್ವ ನಮ್ಮದು, ನಮ್ಮನ್ನು ಯಾರೂ ಓಡಿಸಿಲ್ಲ. ಆದರೂ ಎಷ್ಟೋ ಐನ್‌ಮನೆಗಳು ಕೈಲ್‌ಪೊಳ್ದಿಗೂ ಪುತ್ತರಿಗೂ ಮಾತ್ರ ಬಾಗಿಲು ತೆರೆಯುತ್ತಿವೆ. ಅವರು ನೆಲವನ್ನು ಕಳೆದುಕೊಂಡು ಕಟ್ಟಲೆಯನ್ನು ಉಳಿಸಿಕೊಂಡರು. ನಮಗೆ ನೆಲ ಉಳಿದಿದೆ. ಇದನ್ನು ಓದುತ್ತಿರುವ ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರ ಊರಿನಲ್ಲಿದ್ದೀರಿ ಎಂಬುದು ನನಗೆ ಗೊತ್ತು. ಆಕ್ಷೇಪಣೆ ಖಂಡಿತ ಅಲ್ಲ. ಒಳ್ಳೆಯ ಬದುಕನ್ನು ಅರಸಿ ಹೋಗಿ ಎಂದು ಹರಸಿ ಕಳಿಸಿದವರಲ್ಲಿ ನಾನೂ ಒಬ್ಬ. ಆದರೆ ಒಂದು ಮಾತು ತಿಳಿಸಿ: ನಿಮ್ಮ ಮನೆಯ ನೆಲ್ಲಕ್ಕಿ ನಡುಬಾಡೆಯ ತೂಗುದೀಪವನ್ನು ಈಗ ಹೊತ್ತಿಸುತ್ತಿರುವವರು ಯಾರು? ಅವರ ವಯಸ್ಸೆಷ್ಟು? ಅವರಿಗೆ ಇಂದು ಸಂಜೆ ಒಂದು ಫೋನು ಮಾಡಿ, ಆ ಬಳಿಕ ನನಗೂ ಎರಡು ಸಾಲು ಬರೆಯಿರಿ.