ಜೋಳಿಗೆಯ ಲೆಕ್ಕ

ಇಟಗಿಯ ಮಹಾದೇವ ದೇವಾಲಯವನ್ನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದುದು ಶಾಸನದಿಂದ ತಿಳಿದ ಸಂಗತಿ. ಶಾಸನಪಾಠ ಹೇಳುವಾಗ ವಿದ್ಯಾರ್ಥಿಗಳಿಗೆ ನಾನು ಒಂದು ಎಚ್ಚರಿಕೆ ಕೊಡುವುದುಂಟು: ಕಲ್ಲು ದತ್ತಿ ಕೊಟ್ಟದ್ದನ್ನು ಹೇಳುತ್ತದೆ, ಆ ದತ್ತಿ ಎಷ್ಟು ಕಾಲ ನಡೆಯಿತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕು. ನಮ್ಮ ಕಾಲದ ಒಂದು ಸತ್ಕಾರ್ಯಕ್ಕೂ ಈ ಮಾತು ಸಲ್ಲುತ್ತದೆ.

ಇಟಗಿಯಿಂದ ಉತ್ತರಕ್ಕೆ ಹೊರಟು ಕುಷ್ಟಗಿಯನ್ನು ದಾಟಿದರೆ ಇಳಕಲ್ಲು. ಅಲ್ಲಿಯ ಚಿತ್ತರಗಿ ಸಂಸ್ಥಾನಮಠದ ಮಹಾಂತ ಸ್ವಾಮಿಗಳು ೧೯೭೫ರಲ್ಲಿ ಜೋಳಿಗೆ ಹಿಡಿದು ಹೊರಟರು. ಅವರು ಬೇಡಿದ್ದು ಕಾಳಲ್ಲ, ಕಾಸಲ್ಲ, ಜನರ ದುಶ್ಚಟಗಳನ್ನು. ಅದೇ ‘ಮಹಾಂತ ಜೋಳಿಗೆ’. ೨೦೧೮ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ಈಗ ನಾಡು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ.

ಇಂಥ ಕಾರ್ಯದಿಂದ ಎಷ್ಟು ಮನೆ ಉಳಿದವೆಂದು ತಿಳಿಯುವುದು ಹೇಗೆ? ಜೋಳಿಗೆಗೆ ಬಿದ್ದ ಬೀಡಿ-ತಂಬಾಕಿನ ಪೊಟ್ಟಣಗಳನ್ನು ಎಣಿಸಬಹುದು. ಆದರೆ ಎಣಿಕೆಗೆ ಸಿಕ್ಕುವುದು ಸಂಕಲ್ಪ; ಅದರ ಪಾಲನೆಯಲ್ಲ. ಊರೆಲ್ಲ ನೋಡುತ್ತಿರುವಾಗ ಬಿಟ್ಟವನು ಸುಗ್ಗಿಯ ಹಣ ಕೈಸೇರಿದಾಗ ಏನು ಮಾಡಿದ? ಗುರುವಿಗೆ ಕೊಟ್ಟ ಮಾತು ತಪ್ಪಿದೆನೆಂದು ಎಷ್ಟು ಮಂದಿ ಒಪ್ಪಿಕೊಂಡಾರು? ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ೨೦೦೭ರ ಜುಲೈಯಲ್ಲಿ ಸರ್ಕಾರ ಸಾರಾಯಿ ಮಾರಾಟವನ್ನೇ ನಿಲ್ಲಿಸಿತು. ೨೦೧೩ರಲ್ಲಿ ಗುಟ್ಕಾ ನಿಷೇಧವಾಯಿತು. ಆ ಮೇಲೆ ಒಬ್ಬನು ಬಿಟ್ಟರೆ, ಬಿಡಿಸಿದ್ದು ಜೋಳಿಗೆಯೋ, ಕಾನೂನೋ? ಸಾರಾಯಿ ಬಿಟ್ಟವನು ಬ್ರಾಂದಿಗೆ ಹೊರಳಿದ್ದರೆ ಅದು ಯಾವ ಲೆಕ್ಕಕ್ಕೆ? ಅಬಕಾರಿ ವರಮಾನದ ಅಂಕಿ ನಾಡಿನ ಮಾತು ಹೇಳೀತು, ಒಂದು ಕೇರಿಯ ಮಾತನ್ನು ಹೇಳದು. ಇನ್ನು, ಹುಡುಗನೊಬ್ಬ ಕುಡಿತ ಕಲಿಯದೆಯೇ ಉಳಿದುದು ಯಾವ ಜೋಳಿಗೆಯಲ್ಲಿಯೂ ಕಾಣುವುದಿಲ್ಲ. ನಿಜವಾದ ಲಾಭವಾದರೋ ಅಲ್ಲಿಯೇ ಇರಬಹುದು.

ಭಕ್ತಿಯ ಕಾರ್ಯವನ್ನು ತೂಗಬಾರದೆಂದು ಕೆಲವರು ಹೇಳಬಹುದು. ನಾನು ಒಪ್ಪಲಾರೆ. ತೂಗದಿದ್ದರೆ ನಷ್ಟವಾಗುವುದು ಮತ್ತೆ ಕುಡಿತಕ್ಕೆ ಬಿದ್ದವನ ಹೆಂಡತಿಗೆ. ಪಟ್ಟಿಯಲ್ಲಿ ಅವಳ ಗಂಡ ಬಿಟ್ಟವನೆಂದೇ ಉಳಿದರೆ, ಅವಳ ಬಾಗಿಲಿಗೆ ಎರಡನೆಯ ಸಲ ಬರುವವರು ಯಾರು?

ತೂಗುವ ಬಗೆ ಅಸಾಧ್ಯವೇನಲ್ಲ. ಜೋಳಿಗೆ ಬರುವ ಮುನ್ನವೇ ಊರಿನ ಸ್ಥಿತಿಯನ್ನು ಬರೆದಿಡಬೇಕು. ಜೋಳಿಗೆ ಹೋಗದ ಪಕ್ಕದೂರನ್ನೂ ನೋಡಬೇಕು. ವರ್ಷ ಕಳೆದ ಮೇಲೆ ಅವೇ ಮನೆಗಳಿಗೆ ಹೋಗಿ ಹೆಂಗಸರನ್ನೂ ಕೇಳಬೇಕು: ಕೂಲಿಯಲ್ಲಿ ಎಷ್ಟು ಮನೆ ಸೇರಿತು, ಕಿರಾಣಿ ಅಂಗಡಿಯ ಉದ್ರಿ ತೀರಿತೆ? ತಪ್ಪಿದವನ ಹೆಸರು ಮಾತ್ರ ಊರಿಗೆ ತಿಳಿಯಬಾರದು. ತಿಳಿದರೆ ಮರುವರ್ಷ ಯಾರೂ ನಿಜ ನುಡಿಯರು. ಅಂಥವನ ಮನೆಗೆ ಜೋಳಿಗೆ ಮತ್ತೊಮ್ಮೆ ಹೋಗಬೇಕು. ಲೆಕ್ಕವಿಡುವುದು ಅದಕ್ಕಾಗಿಯೇ.