ಪಡುಗಡಲಿನ ಗಾಳಿಯೂ ಕನ್ನಡ ನಾಡಿನ ಚರಿತ್ರೆಯೂ

ಬಳಿಚಕ್ರವು ಯಾದಗಿರಿ ಸೀಮೆಯ ಒಂದು ಊರು. ನೆರೆಯ ಶಹಾಪುರ, ಸುರಪುರಗಳಂತೆ ಇದೂ ಕೃಷ್ಣಾ ಭೀಮಾ ನದಿಗಳ ನಾಡಿಗೆ ಸೇರಿದುದು. ಮೂಡಣ ಕಡಲೂ ಪಡುವಣ ಕಡಲೂ ಇಲ್ಲಿಗೆ ಬಹು ದೂರ. ಸಮುದ್ರದ ಮೇಲೆ ಗಾಳಿ ಹೇಗೆ ಬೀಸಿದರೆ ನಮಗೇನೆಂದು ಇಲ್ಲಿಯ ಒಕ್ಕಲಿಗನು ಕೇಳಿದರೆ ಆ ಪ್ರಶ್ನೆಯು ಅಸಹಜವೇನೂ ಅಲ್ಲ. ಪೇಟೆಯಲ್ಲಿ ವಾಸಿಸುವ ವಿದ್ಯಾವಂತರಾದ ನಾವು ಕೂಡ ನಾಡಿನ ಚರಿತ್ರೆಯನ್ನು ಓದುವಾಗ ಅರಸರನ್ನೂ ಕೋಟೆಗಳನ್ನೂ ಶಾಸನಗಳನ್ನೂ ನೆನೆಯುತ್ತೇವೆಯೇ ಹೊರತು, ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಜೂನ್ ತಿಂಗಳಿನಲ್ಲಿ ಮಂಗಳೂರು ಹೊನ್ನಾವರಗಳ ಅಳಿವೆಗಳಲ್ಲಿ ದೋಣಿಗಳನ್ನು ತಡೆದು ನಿಲ್ಲಿಸುವ ಗಾಳಿಯೇ ಸಹ್ಯಾದ್ರಿಯನ್ನೇರಿ ಭೀಮಾಶಂಕರದಲ್ಲಿಯೂ ಮಹಾಬಲೇಶ್ವರದಲ್ಲಿಯೂ ಮಳೆಯನ್ನು ಸುರಿಸಿ, ಭೀಮೆಯನ್ನೂ ಕೃಷ್ಣೆಯನ್ನೂ ತುಂಬುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7 ಮೀಟರಿಗಿಂತ ಹೆಚ್ಚು ಮಳೆಯಾದರೆ, ಬೆಟ್ಟದ ಮರೆಯಲ್ಲಿರುವ ಯಾದಗಿರಿಗೆ ಒಂದು ಮೀಟರೂ ದೊರೆಯುವುದಿಲ್ಲ. ಮೋಡವು ಕೊಡದೆ ಉಳಿಸಿದುದನ್ನು ಇಲ್ಲಿಗೆ ನದಿಯು ತಂದುಕೊಡುತ್ತದೆ. ಕಡಲಿನ ಬಾಗಿಲು ಮುಚ್ಚಿದಾಗಲೇ ಹೊಲದ ಬಾಗಿಲು ತೆರೆಯುತ್ತದೆಯೆಂಬುದು ನಮ್ಮ ನಾಡಿನ ಹಳೆಯ ನಿಯಮ.

ಈ ಗಾಳಿಯ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಬೇಸಿಗೆಯಲ್ಲಿ ಭರತಖಂಡದ ನೆಲವು ಕಾದು, ಅದರ ಮೇಲಿನ ವಾಯುಭಾರವು ಕಡಮೆಯಾಗುತ್ತದೆ. ಭೂಮಧ್ಯರೇಖೆಯ ದಕ್ಷಿಣದಿಂದ ಹೊರಟ ಗಾಳಿಯು ಆಫ್ರಿಕದ ಪೂರ್ವತೀರವನ್ನು ಒತ್ತಿಕೊಂಡು ಬಂದು, ಭೂಮಿಯ ತಿರುಗುವಿಕೆಯಿಂದ ಬಲಕ್ಕೆ ಬಾಗಿ, ನೈರುತ್ಯದಿಂದ ನಮ್ಮ ತೀರವನ್ನು ಹೊಡೆಯುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಕರಾವಳಿಯಲ್ಲಿ ಕಾಳಿ, ಶರಾವತಿ, ನೇತ್ರಾವತಿ ಮೊದಲಾದ ಹೊಳೆಗಳು ಕಡಲನ್ನು ಕೂಡುತ್ತವೆ. ಹಳೆಯ ಬಂದರುಗಳಲ್ಲಿ ಹೆಚ್ಚಿನವು ಇಂತಹ ಅಳಿವೆಗಳ ಒಳಗೇ ಇದ್ದುವು. ಮಳೆಗಾಲದಲ್ಲಿ ನೆರೆಯ ನೀರು ಹೊರಕ್ಕೆ ನುಗ್ಗುತ್ತದೆ, ಅಲೆಯು ಒಳಕ್ಕೆ ನುಗ್ಗುತ್ತದೆ. ಎರಡೂ ಅಳಿವೆಯ ಮರಳದಿಬ್ಬದ ಮೇಲೆ ಒಂದನ್ನೊಂದು ಹಾಯುತ್ತವೆ. ನಡುಗಡಲಿನಲ್ಲಿ ಉಳಿದುಕೊಂಡ ದೋಣಿಯು ಮನೆಯ ಮುಂದಣ ಅಳಿವೆಯಲ್ಲಿ ಮಗುಚುವುದಕ್ಕೆ ಇದೇ ಕಾರಣ. ಆದುದರಿಂದಲೇ ಮಂಜಿಗಳನ್ನೂ ಪತ್ತೇಮಾರಿಗಳನ್ನೂ ಮಳೆಗಾಲಕ್ಕೆ ಮುನ್ನ ದಡಕ್ಕೆಳೆದು ಕಟ್ಟುವುದು ರೂಢಿಯಾಯಿತು. ಶ್ರಾವಣದ ನೂಲ ಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿಯನ್ನು ಅರ್ಪಿಸಿ ಪೂಜೆ ಮಾಡುವ ಮೊಗವೀರರ ಆಚರಣೆಯು ಭಕ್ತಿಯೂ ಹೌದು, ಪಂಚಾಂಗವೂ ಹೌದು.

ಈ ಪಂಚಾಂಗವನ್ನು ಪರದೇಶದ ನಾವಿಕರೂ ಬಹು ಹಿಂದೆಯೇ ಕಲಿತರು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಹುಟ್ಟಿದ 'ಪೆರಿಪ್ಲಸ್' ಎಂಬ ನಾವಿಕರ ಕೈಪಿಡಿಯು, ಭಾರತಕ್ಕೆ ಬರುವವರು ಈಜಿಪ್ಟಿನಿಂದ ಜುಲೈ ತಿಂಗಳ ಹೊತ್ತಿಗೆ ಹೊರಡಬೇಕೆಂದು ಹೇಳುತ್ತದೆ. ಹಾಗೆ ಹೊರಟವರು ನಮ್ಮ ತೀರವನ್ನು ಮುಟ್ಟುವ ವೇಳೆಗೆ ಮಳೆಗಾಲದ ಉಗ್ರತೆಯು ತಗ್ಗಿರುತ್ತಿದ್ದಿತು. ಅರಬ್ಬರು ಋತುವೆಂಬರ್ಥದಲ್ಲಿ ಬಳಸುತ್ತಿದ್ದ 'ಮೌಸಿಮ್' ಎಂಬ ಮಾತೇ ಪಾಶ್ಚಾತ್ಯರ ಬಾಯಲ್ಲಿ 'ಮಾನ್ಸೂನ್' ಆಯಿತು. ಗಾಳಿಗೂ ಕಾಲಕ್ಕೂ ಒಂದೇ ಹೆಸರು ಸಾಕಾಯಿತೆಂಬುದರಿಂದಲೇ ಅವೆರಡರ ಸಂಬಂಧವು ತಿಳಿಯುತ್ತದೆ.

ಒಳನಾಡಿನ ರಾಜ್ಯಗಳು ಕೂಡ ಈ ಋತುವಿಗೆ ಅಧೀನವಾಗಿದ್ದುವು. 1397ರಿಂದ 1422ರ ವರೆಗೆ ಆಳಿದ ಬಹಮನಿ ಸುಲ್ತಾನ ಫಿರೋಜ್ ಶಾಹನು ಭೀಮೆಯ ದಡದಲ್ಲಿ ಫಿರೋಜಾಬಾದ್ ಎಂಬ ನಗರವನ್ನು ಕಟ್ಟಿಸಿದನು. ಆತನು ಗೋವೆ ಮತ್ತು ಚೌಲ್ ಬಂದರುಗಳಿಂದ ವರ್ಷವರ್ಷವೂ ಹಡಗುಗಳನ್ನು ಕಳುಹಿಸಿ ಪರದೇಶದ ಸರಕುಗಳನ್ನು ತರಿಸುತ್ತಿದ್ದನೆಂದೂ ವಿದ್ವಾಂಸರನ್ನು ಕರೆಯಿಸುತ್ತಿದ್ದನೆಂದೂ ಇತಿಹಾಸಕಾರ ಫರಿಶ್ತನು ಬರೆದಿದ್ದಾನೆ. ಭೀಮೆಯ ತೀರದ ಅರಮನೆಗೆ ಬರತಕ್ಕ ವಸ್ತುವೂ ವ್ಯಕ್ತಿಯೂ ಪಡುಗಡಲಿನ ಗಾಳಿಯ ಅಪ್ಪಣೆಗಾಗಿ ಕಾಯಬೇಕಾಗಿದ್ದಿತು. ವಿಜಯನಗರದ ಸ್ಥಿತಿಯೂ ಬೇರೆಯಾಗಿರಲಿಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಗಾಗಿ ಎರಡು ರಾಜ್ಯಗಳೂ ತಲೆಮಾರುಗಳ ಕಾಲ ಹೋರಾಡಿದುವು. ಆ ಕಾಳಗಗಳಲ್ಲಿ ಓಡಿದ ಅರಬ್ಬೀ ಕುದುರೆಗಳು ಸಮುದ್ರವನ್ನು ದಾಟಿಯೇ ಬಂದವು.

ಗಾಳಿಯ ಕಾಲವನ್ನು ತಪ್ಪಿದವರ ಪಾಡೇನೆಂಬುದಕ್ಕೆ ಎರಡು ಉದಾಹರಣೆಗಳನ್ನು ನೋಡೋಣ. ಹಿರಾತಿನ ಅರಸನಾದ ಶಾಹ್ ರುಖನ ರಾಯಭಾರಿ ಅಬ್ದುರ್ ರಜಾಕನು 1442ರಲ್ಲಿ ಭಾರತಕ್ಕೆ ಹೊರಟನು. ಹೊರ್ಮುಜಿನಲ್ಲಿ ತಡವಾಗಿ, ಅನುಕೂಲವಾದ ಕಾಲವು ಮೀರಿಹೋಯಿತು. ಆ ಬೇಸಿಗೆಯನ್ನು ಆತನು ಒಮಾನಿನ ಕರಾವಳಿಯ ಸುಡುಬಿಸಿಲಿನಲ್ಲಿ ಕಾಯಿಲೆಯಿಂದ ನರಳುತ್ತ ಕಳೆಯಬೇಕಾಯಿತು. ಮುಂದೆ ಕಲ್ಲಿಕೋಟೆ, ಮಂಗಳೂರುಗಳ ಮೇಲೆ ವಿಜಯನಗರವನ್ನು ಸೇರಿ, ಅದರ ವೈಭವವನ್ನು ಲೋಕಕ್ಕೆ ಸಾರಿದ ಈ ಪ್ರವಾಸಿಯು, ಮರಳುವಾಗ ಮಾತ್ರ ಕಾಲವರಿತು ನಡೆದನು. 1444ರ ಜನವರಿಯಲ್ಲಿ, ಈಶಾನ್ಯದ ಗಾಳಿಯು ನೆಲೆನಿಂತಾಗ, ಹೊನ್ನಾವರದಿಂದ ಹಡಗನ್ನೇರಿದನು.

ಎರಡನೆಯ ಉದಾಹರಣೆಯು ಇದಕ್ಕಿಂತ ಘೋರವಾದುದು. ವಾಸ್ಕೊ ಡ ಗಾಮನು 1498ರ ಏಪ್ರಿಲ್ 24ರಂದು ಆಫ್ರಿಕದ ಮಲಿಂದಿಯಿಂದ, ಅಲ್ಲಿ ದೊರೆತ ಅನುಭವಿ ನಾವಿಕನ ಮಾರ್ಗದರ್ಶನದಲ್ಲಿ ಹೊರಟು, ಮೇ 20ರಂದು ಕಲ್ಲಿಕೋಟೆಯ ಬಳಿ ಲಂಗರು ಹಾಕಿದನು. ಒಂದು ತಿಂಗಳೂ ಹಿಡಿಯಲಿಲ್ಲ. ಹಿಂದಿರುಗುವಾಗ ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ತಂಗಿದ್ದು, ಅಕ್ಟೋಬರ್ 5ರಂದು ಹಾಯಿಯನ್ನು ಬಿಚ್ಚಿಸಿದನು. ನೈರುತ್ಯದ ಗಾಳಿಯು ಆಗ ಅಡಗಿದ್ದಿತು, ಈಶಾನ್ಯದ ಗಾಳಿಯು ಇನ್ನೂ ನೆಲೆನಿಂತಿರಲಿಲ್ಲ. ಒಮ್ಮೆ ಗಾಳಿಯಿಲ್ಲದೆ ನಿಂತು, ಒಮ್ಮೆ ಎದುರುಗಾಳಿಗೆ ಸಿಕ್ಕಿ, ಆಫ್ರಿಕದ ತೀರವನ್ನು ಕಂಡುದು 1499ರ ಜನವರಿ 2ರಂದು. ಅದೇ ಸಮುದ್ರ, ಅವೇ ಹಡಗುಗಳು. ಆದರೂ ಸುಮಾರು ಮೂರು ತಿಂಗಳುಗಳು ಬೇಕಾದುವು. ವಸಡು ಕೊಳೆಯುವ ಸ್ಕರ್ವಿ ರೋಗದಿಂದ ಸುಮಾರು 30 ಮಂದಿ ಸತ್ತರು. ನಡೆಸಲು ಜನವಿಲ್ಲದೆ ಒಂದು ಹಡಗನ್ನು ಸುಡಬೇಕಾಯಿತು. ನಾಲ್ಕೈದು ವಾರ ಕಾದಿದ್ದರೆ ಈ ನಷ್ಟದ ಬಹುಭಾಗವು ತಪ್ಪುತ್ತಿದ್ದಿತು.

ಗಾಳಿಯ ನಿಯಮವು ಊರುಗಳ ಹಣೆಬರಹವನ್ನೂ ಬರೆಯಿತು. ಮಳೆಗಾಲದಲ್ಲಿಯೂ ಹಡಗುಗಳಿಗೆ ಆಶ್ರಯ ಕೊಡಬಲ್ಲುದೆಂದು ಕಾರವಾರದ ಕೊಲ್ಲಿಯು ಖ್ಯಾತವಾಗಿದ್ದಿತು. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯು ದುರ್ಲಭವಾದಾಗ, ಧಾರವಾಡ ಸೀಮೆಯ ಹತ್ತಿಯನ್ನು ಇಲ್ಲಿಂದ ಸಾಗಿಸುವ ಆಸೆ ಹುಟ್ಟಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದರು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭವು ಬೆಳಗಿತು. ಘಟ್ಟದ ದಾರಿಗಳನ್ನು ಕಡಿದರು. ಆದರೆ ರೈಲು ಮಾತ್ರ ಬರಲಿಲ್ಲ. ಅದು 1880ರ ದಶಕದಲ್ಲಿ ಗೋವೆಯ ಮೊರ್ಮುಗೋವೆಗೆ ಇಳಿಯಿತು, ವ್ಯಾಪಾರವೂ ಅದರ ಹಿಂದೆ ಹೋಯಿತು. ಪ್ರಕೃತಿಯು ಕೊಟ್ಟ ಆಶ್ರಯವೊಂದೇ ಬಂದರನ್ನು ಬೆಳೆಯಿಸದೆಂಬುದಕ್ಕೆ ಕಾರವಾರವು ಸಾಕ್ಷಿ. ಮಂಗಳೂರಿನ ಕಥೆ ಇದಕ್ಕೆ ವಿರುದ್ಧವಾದುದು. ಅಲ್ಲಿಯ ಹಳೆಯ ಬಂದರು ಮಳೆಗಾಲದಲ್ಲಿ ಮುಚ್ಚುತ್ತಿದ್ದಿತು. ಪಣಂಬೂರಿನಲ್ಲಿ ನೆಲವನ್ನಗೆದು, ಅಲೆತಡೆ ಗೋಡೆಗಳನ್ನು ಕಟ್ಟಿ, 1974ರಲ್ಲಿ ಹೊಸ ಬಂದರು ತೆರೆದ ಮೇಲೆ ವರ್ಷದ ಹನ್ನೆರಡು ತಿಂಗಳೂ ಹಡಗುಗಳು ಬರುವಂತಾಯಿತು.

ಇಲ್ಲಿಯವರೆಗೆ ಹೇಳಿದುದು ತಿಥಿಯನ್ನರಿತು ಬರುವ ಗಾಳಿಯ ಮಾತು. ಹೇಳದೆ ಬರುವುದು ಚಂಡಮಾರುತ. ಸುಳಿಗೊಳ್ಳುವ ಈ ಬಿರುಗಾಳಿಗೆ 'ಸೈಕ್ಲೋನ್' ಎಂಬ ಹೆಸರನ್ನಿಟ್ಟವನು ಕಲಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್. ಮುಂಗಾರಿನ ನಡುವಿನಲ್ಲಿ ಮೇಲ್ಗಾಳಿ ಕೆಳಗಾಳಿಗಳು ಬೇರೆ ಬೇರೆ ದಿಕ್ಕಿಗೆ ಬಲವಾಗಿ ಬೀಸುವುದರಿಂದ, ಇಂತಹ ಸುಳಿಯು ನೆಟ್ಟಗೆ ನಿಲ್ಲಲಾರದು. ಅದರ ಕಾಲವು ಮುಂಗಾರಿನ ಹಿಂದುಮುಂದಿನ ತಿಂಗಳುಗಳು, ಎಂದರೆ ಕಡಲು ತೆರೆದಿರುವ, ದೋಣಿಗಳು ಹೊರಗಿರುವ ತಿಂಗಳುಗಳು. ಅಪಾಯವಿರುವುದು ಇಲ್ಲಿಯೇ. 1864ರಲ್ಲಿ ಕಲಕತ್ತೆಯನ್ನು ಹಾಳುಮಾಡಿದ ಚಂಡಮಾರುತದ ತರುವಾಯ ಸರಕಾರವು ಎಚ್ಚೆತ್ತಿತು. 1875ರಲ್ಲಿ ಭಾರತದ ಹವಾಮಾನ ಇಲಾಖೆಯು ಹುಟ್ಟಿತು. 1898ರಿಂದ ಎಲ್ಲ ಬಂದರುಗಳಿಗೂ ಒಂದೇ ಬಗೆಯ ಸೂಚನಾ ಪದ್ಧತಿಯು ಬಂದಿತು. ಹಗಲಿನಲ್ಲಿ ಶಂಕುವಿನ ಮತ್ತು ಉರುಳೆಯ ಆಕಾರಗಳನ್ನೂ, ರಾತ್ರಿಯಲ್ಲಿ ಕೆಂಪು ಬಿಳಿ ದೀಪಗಳನ್ನೂ ಕಂಬಕ್ಕೇರಿಸುವುದು ಈ ಪದ್ಧತಿ. ಸೂಚನೆಗಳು ಹನ್ನೊಂದು. ಹನ್ನೊಂದನೆಯದರ ಅರ್ಥ, ಎಚ್ಚರಿಕೆಯನ್ನು ಕೊಡುವ ಕೇಂದ್ರದೊಡನೆ ಸಂಪರ್ಕವೇ ಕಡಿದುಹೋಯಿತೆಂಬುದು. ವಾರ್ತೆಯಿಲ್ಲದಿರುವುದೇ ಬಹು ದೊಡ್ಡ ಅಪಾಯವೆಂದು ಆ ಪದ್ಧತಿಯನ್ನು ರಚಿಸಿದವರು ಅರಿತಿದ್ದರು.

ನಮ್ಮ ಕಾಲದಲ್ಲಿ ಪಂಚಾಂಗವೂ ಇದೆ, ಎಚ್ಚರಿಕೆಯೂ ಇದೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನಗಳು ಯಂತ್ರದೋಣಿಗಳ ಮೀನುಗಾರಿಕೆಗೆ ಕರ್ನಾಟಕದಲ್ಲಿ ನಿಷೇಧವಿದೆ. ಆದರೆ ಅರಬ್ಬೀ ಸಮುದ್ರದ ಮೇಲ್ಮೈಯು ಇತ್ತೀಚಿನ ದಶಕಗಳಲ್ಲಿ ಹೆಚ್ಚು ಕಾಯುತ್ತಿದೆ, ಪ್ರಬಲವಾದ ಚಂಡಮಾರುತಗಳೂ ಹೆಚ್ಚಿವೆ. 2021ರ ಮೇ ತಿಂಗಳಿನಲ್ಲಿ 'ತೌಕ್ತೆ' ಚಂಡಮಾರುತವು ನಮ್ಮ ತೀರದ ಹೊರಗೆ ಹಾದುಹೋದಾಗ, ಉಡುಪಿ ಜಿಲ್ಲೆಯ ಕಾಪುವಿನ ಕಡೆ ಬಂಡೆಗೆ ಸಿಕ್ಕಿದ್ದ ಟಗ್ ಒಂದರಲ್ಲಿದ್ದ 9 ಮಂದಿಯನ್ನು ನೌಕಾದಳ ಮತ್ತು ತಟರಕ್ಷಕ ದಳದವರು ಉಳಿಸಿದರು.

ಇಂತಹ ಗಾಳಿಯು ಕರಾವಳಿಯಲ್ಲಿಯೇ ನಿಲ್ಲುತ್ತದೆಂದು ತಿಳಿಯಬಾರದು. 2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ಒಂದು ವಾಯುಭಾರ ಕುಸಿತವು ಕಾಕಿನಾಡದ ಬಳಿ ನೆಲವನ್ನೇರಿ, ತೆಲಂಗಾಣವನ್ನು ದಾಟಿ, ಕಲಬುರಗಿ ಸೀಮೆಯ ಮೇಲೆ ಹಾದು ಪಡುಗಡಲಿಗೆ ಇಳಿಯಿತು. ಮೇಲಣ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರೂ ಕೂಡಿ ಭೀಮೆಯು ದಡ ಮೀರಿದಳು. ಕಲಬುರಗಿ ಯಾದಗಿರಿ ಜಿಲ್ಲೆಗಳ ನದೀತೀರದ ಜನರು ಮನೆಗಳನ್ನು ಬಿಟ್ಟು ಹೋಗಬೇಕಾಯಿತು. ಕೊಯ್ಲಿಗೆ ಬಂದ ಬೆಳೆಯು ನೀರಿನಲ್ಲಿ ನಿಂತಿತು. ಕಡಲನ್ನೇ ಕಾಣದ ಹೊಲಗಳನ್ನು ಕಡಲಿನ ಬಿರುಗಾಳಿಯು ಮುಳುಗಿಸಿತು.

ಅಂಜದೀವದಿಂದ ಹೊರಟ ನಾವಿಕರು ಕಾಲವನ್ನು ತಿಳಿಯದೆ ಪ್ರಾಣವನ್ನು ತೆತ್ತರು. ನಮಗೆ ಕಾಲವೂ ತಿಳಿದಿದೆ, ಗಾಳಿಯ ಹಾದಿಯೂ ಎರಡು ಮೂರು ದಿನ ಮೊದಲೇ ತಿಳಿಯುತ್ತದೆ. ತಿಳಿದುದನ್ನು ಮಲ್ಪೆಯ ದೋಣಿಗೆ ತಲಪಿಸುವಷ್ಟೇ ಬೇಗನೆ ಭೀಮಾತೀರದ ಹಳ್ಳಿಗೂ ತಲಪಿಸುವುದು ನಮ್ಮ ಹೊಣೆ. ಬಂದರಿನ ಕಂಬದ ಮೇಲೆ ಏರುವ ಸೂಚನೆಯನ್ನು ಬಳಿಚಕ್ರದವರೂ ತಮಗಾಗಿ ಏರಿದುದೆಂದು ಓದಿಕೊಳ್ಳುವ ಕಾಲವು ಬಂದಿದೆ.